ಜೋಡಿ ಜೀಕು

ಶ್ರಾವಣದ ಪಂಚಮಿ ಬಂತೆಂದರೆ ಉತ್ತರ ಕರ್ನಾಟಕದ ಊರುಗಳಲ್ಲಿ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಹಗ್ಗ ಬೀಳುತ್ತದೆ. ಗಟ್ಟಿ ಟೊಂಗೆ ನೋಡಿ ಹಗ್ಗ ಬಿಗಿದು, ಒಬ್ಬಿಬ್ಬರು ಜೋತುಬಿದ್ದು ಗಂಟು ತಡೆಯುತ್ತದೋ ಇಲ್ಲವೋ ನೋಡಿ, ಕೆಳಗೆ ಮಣೆ ಕೂಡಿಸಿದರೆ ಜೋಕಾಲಿ ತಯಾರು. ಕೂತು ತೂಗಿಸಿಕೊಳ್ಳುವ ಜೋಕಾಲಿ ಮಕ್ಕಳದು. ತವರಿಗೆ ಬಂದ ಹೆಣ್ಣುಮಕ್ಕಳು ಆಡುವುದು ಜೋಡಿ ಜೋಕಾಲಿ. ಇಬ್ಬರು ಗೆಳತಿಯರು ಮಣೆಯ ಮೇಲೆ ಎದುರುಬದುರು ನಿಂತು, ಸೆರಗನ್ನು ಸೊಂಟಕ್ಕೆ ಸಿಗಿಸಿ, ಎರಡೂ ಕೈಯಲ್ಲಿ ಹಗ್ಗ ಹಿಡಿಯುತ್ತಾರೆ. ಮಣೆ ಒಂದು ತುದಿಗೆ ಏರಿದಾಗ ಆ ಬದಿಯವಳು ಮೊಣಕಾಲು ಮಡಿಸಿ, ಮಣೆಯನ್ನು ಒತ್ತಿ, ಸೆಟೆದು ನಿಲ್ಲಬೇಕು. ಜೋಕಾಲಿ ಆಚೆ ತುದಿ ಮುಟ್ಟಿದಾಗ ಅದೇ ಕೆಲಸ ಎದುರಿನವಳದು. ಇದಕ್ಕೇ ಜೀಕುವುದು ಎನ್ನುತ್ತಾರೆ. ಸರದಿ ಕೂಡಿಬಂದರೆ ಮಣೆ ನೋಡನೋಡುತ್ತ ಎತ್ತರಕ್ಕೆ ಹೋಗುತ್ತದೆ. ಒಬ್ಬಳು ಅರೆಗಳಿಗೆ ತಡ ಮಾಡಿದರೆ ಓರೆಯಾಗಿ ಅಲುಗಾಡಿ ವೇಗವೆಲ್ಲ ಸತ್ತುಹೋಗುತ್ತದೆ. ಬಿಡುವಿನಲ್ಲಿ ಬಾಯಿಗೆ ಶೇಂಗಾ ಉಂಡಿ, ಅಳ್ಳು. ಬೇರೆ ಬೇರೆ ಊರಲ್ಲಿ ಬಾಳುವೆ ಮಾಡುವ ಬಾಲ್ಯದ ಗೆಳತಿಯರಿಬ್ಬರು ತಮ್ಮ ಸ್ನೇಹವನ್ನು ಹಬ್ಬ ಮಾಡಿಕೊಳ್ಳುವ ಬಗೆ ಇದು: ಇಬ್ಬರ ಮೈಭಾರ, ಒಂದೇ ಮಣೆ, ಸರದಿಯ ದುಡಿಮೆ.

ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಆಗಸ್ಟ್ ತಿಂಗಳ ಮೊದಲ ಭಾನುವಾರ, ಫ್ರೆಂಡ್‌ಶಿಪ್ ಡೇ ಕೂಡ ಬರುತ್ತದೆ. ಅಂದು ಕೈಗೆ ಬ್ಯಾಂಡ್ ಕಟ್ಟುವುದು, ಮಾಲ್‌ನಲ್ಲಿ ಸೇರುವುದು, ಫೋಟೊ ಹಾಕುವುದು. ಫೆಬ್ರುವರಿ 14ರ ಪ್ರೇಮಿಗಳ ದಿನದ್ದೂ ಇದೇ ಜಾಡು. ದೊಡ್ಡಬಳ್ಳಾಪುರ, ಹೊಸೂರು ಕಡೆಯ ಪಾಲಿಹೌಸ್‌ಗಳಿಂದ ಕೆಂಪು ಗುಲಾಬಿ ಪೆಟ್ಟಿಗೆ ಪೆಟ್ಟಿಗೆ ಹೊರಡುತ್ತದೆ, ಹೋಟೆಲುಗಳಲ್ಲಿ ಮೇಣದ ಬತ್ತಿಯ ಊಟಕ್ಕೆ ಟೇಬಲ್ ಕಾದಿರಿಸಲಾಗುತ್ತದೆ. ಗುಲಾಬಿಯ ಮೇಲೆ ನನಗೆ ಸಿಟ್ಟಿಲ್ಲ. ಬೆಳೆದ ರೈತನಿಗೆ ವರ್ಷದಲ್ಲಿ ನಾಲ್ಕು ಕಾಸು ಕಾಣುವ ವಾರ ಅದು. ಆದರೆ ಪ್ರೀತಿಯ ಹಬ್ಬ ಎಂದರೆ ಏನನ್ನಾದರೂ ಕೊಂಡು ಎಲ್ಲಾದರೂ ಕೂರುವುದು ಎಂಬ ರೂಢಿ ಬಂದುಬಿಟ್ಟಿದೆಯಲ್ಲ, ತಕರಾರು ಅದರ ಬಗ್ಗೆ. ಗಂಡಹೆಂಡತಿಯಾಗಲಿ, ಮದುವೆಯಾಗಬೇಕೆಂದಿರುವವರಾಗಲಿ, ಬರೀ ಗೆಳೆಯರಾಗಲಿ, ಅಕ್ಕರೆ ಇರುವ ಇಬ್ಬರು ಹೊರಗೆ ಬಯಲಿಗೆ ಹೋಗಿ ಜೊತೆಗೆ ಮೈ ದಣಿಸುವುದು ಎದುರುಬದುರು ಕೂತು ಉಣ್ಣುವುದಕ್ಕಿಂತ ಮೇಲಾದ ಆಚರಣೆ. ಅದಕ್ಕೆ ಕಾರಣ ಹೊರಗಿನ ಗಾಳಿಯಲ್ಲಿ, ಬೆಟ್ಟದ ಚೆಲುವಿನಲ್ಲಿ ಅಷ್ಟಾಗಿ ಇಲ್ಲ. ಒಬ್ಬರ ಸರದಿಗೆ ಇನ್ನೊಬ್ಬರು ಕಾಯಬೇಕಾದ ಆ ಸಣ್ಣ ಕಷ್ಟದಲ್ಲಿದೆ.

ಇದು ಬರೀ ಅನಿಸಿಕೆಯೇ ಎಂದು ಕೇಳಬಹುದು. ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 53 ದಂಪತಿಗಳಿದ್ದರು. ಕೆಲವರಿಗೆ ವಾರಕ್ಕೆ ಒಂದೂವರೆ ಗಂಟೆ ತಮಗೆ ‘ಹಿತ’ವಾದದ್ದನ್ನು ಮಾಡಲು ಹೇಳಿದರು, ಹೊರಗೆ ಊಟ, ಸಿನಿಮಾದಂಥವು. ಇನ್ನು ಕೆಲವರಿಗೆ ಅಷ್ಟೇ ಹೊತ್ತು ‘ಹುರುಪು’ ತರುವಂಥದ್ದನ್ನು ಮಾಡಲು ಹೇಳಿದರು. ಬೆಟ್ಟ ಹತ್ತುವುದು, ಕುಣಿಯುವುದು ಇತ್ಯಾದಿ. ಉಳಿದವರಿಗೆ ಏನೂ ಹೇಳಲಿಲ್ಲ. ಹತ್ತು ವಾರದ ಕೊನೆಗೆ ನೋಡಿದರೆ ದಾಂಪತ್ಯದ ಬಗೆಗಿನ ತೃಪ್ತಿ ಹುರುಪಿನ ಗುಂಪಿನಲ್ಲಿ ಹಿತದ ಗುಂಪಿಗಿಂತ ಹೆಚ್ಚಾಗಿತ್ತು. ಖರ್ಚಾದ ಸಮಯ ಒಂದೇ, ಜೊತೆಗಿದ್ದವರೂ ಅವರೇ. ‘ಒಟ್ಟಿಗೆ ಸಮಯ ಕಳೆಯಿರಿ’ ಎಂಬ ಎಲ್ಲರ ಬಾಯಲ್ಲಿರುವ ಉಪದೇಶ ಅರ್ಧ ಮಾತ್ರ ಸರಿ ಎಂದಾಯಿತು. ಅದೇ ಆರನ್ 2000ದಲ್ಲಿ ಇನ್ನೂ ವಿಚಿತ್ರವಾದ ಪ್ರಯೋಗ ಮಾಡಿದರು. ಜೋಡಿಯ ಕೈಗೆ ಕೈ, ಕಾಲಿಗೆ ಕಾಲು ಪಟ್ಟಿಯಿಂದ ಬಿಗಿದು, ಚಾಪೆ ಹಾಸಿದ ಕೋಣೆಯಲ್ಲಿ ಅಂಬೆಗಾಲಿಟ್ಟುಕೊಂಡು, ಫೋಮಿನ ಉರುಳೆಯೊಂದನ್ನು ಕೈ ಮುಟ್ಟಿಸದೆ ಇಬ್ಬರ ಮೈ ನಡುವೆ ಹಿಡಿದು, ನಡುವಿನ ಅಡ್ಡಗೋಡೆ ದಾಟಿಸಿ, ಹೋಗಿ ಬರಬೇಕು. ಏಳೆಂಟು ನಿಮಿಷದ ಆಟ. ನಗು, ಉರುಳಾಟ, ‘ತಡಿ ತಡಿ’ ಎಂಬ ಕೂಗು. ಬೇಸರ ಬರಿಸುವ ಕೆಲಸ ಸಿಕ್ಕ ಜೋಡಿಗಳಿಗಿಂತ ಈ ಜೋಡಿಗಳು ಆಮೇಲೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ಒಳ್ಳೆಯ ಮಾತಾಡಿದವು. ಮುಂದೆ 2009ರಲ್ಲಿ ಬಂದ ಇನ್ನೊಂದು ವರದಿ ಕಾಲದ ಲೆಕ್ಕವನ್ನೇ ಹಿಡಿಯಿತು: ಮದುವೆಯಾಗಿ ಏಳನೇ ವರ್ಷದಲ್ಲಿ ‘ಬೇಸರವಾಗಿದೆ’ ಎಂದವರು ಹದಿನಾರನೇ ವರ್ಷದಲ್ಲಿ ಕಡಿಮೆ ತೃಪ್ತರಾಗಿದ್ದರು. ಅವರು ಹೇಳಿದ್ದು ಜಗಳವಿದೆ ಎಂದಲ್ಲ, ಬೇಸರವಿದೆ ಎಂದು. ಎಷ್ಟೋ ಮನೆಗಳಲ್ಲಿ ಜಗಳವಿಲ್ಲ ಎಂಬುದನ್ನೇ ಸುಖ ಎಂದು ಬರೆದುಕೊಂಡು ಕೂತಿರುತ್ತೇವೆ.

ಈ ವಿಷಯ ಬಂದಾಗ ಎಲ್ಲರೂ ಎತ್ತಿ ಹೇಳುವ ಪ್ರಯೋಗ ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯದು. 1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರನ್ ಪ್ರಕಟಿಸಿದ್ದು. ಕಣಿವೆಯಿಂದ ಸುಮಾರು 70 ಮೀಟರ್ ಎತ್ತರದಲ್ಲಿ ತೂಗಾಡುವ ಸೇತುವೆಯ ಮೇಲೆ ಗಂಡಸರನ್ನು ತರುಣಿಯೊಬ್ಬಳು ನಿಲ್ಲಿಸಿ ಒಂದೆರಡು ಪ್ರಶ್ನೆ ಕೇಳಿ ತನ್ನ ಫೋನ್ ನಂಬರ್ ಕೊಟ್ಟಳು. ನಂಬರ್ ಇಸಿದುಕೊಂಡ 18 ಮಂದಿಯಲ್ಲಿ 9 ಮಂದಿ ಆಮೇಲೆ ಫೋನ್ ಮಾಡಿದರು. ಗಟ್ಟಿಯಾದ, ತಗ್ಗಿನ ಸೇತುವೆಯ ಮೇಲೆ ಅದೇ ನಂಬರ್ ಪಡೆದ 16 ಮಂದಿಯಲ್ಲಿ ಫೋನ್ ಮಾಡಿದವರು 2. ಭಯದಿಂದ ಹೊಡೆದುಕೊಂಡ ಎದೆಬಡಿತವನ್ನು ಮನಸ್ಸು ಆಕರ್ಷಣೆ ಎಂದು ತಪ್ಪು ಓದಿತು ಎಂಬುದು ಅವರ ವಿವರಣೆ. ಸಾಹಸ ಪ್ರವಾಸ ಮಾರುವವರಿಗೆ ಈ ಕಥೆ ತುಂಬ ಇಷ್ಟ. ನನಗೆ ಇದು ನಮ್ಮ ವಾದಕ್ಕೆ ದುರ್ಬಲವಾದ ಸಾಕ್ಷಿ ಎನಿಸುತ್ತದೆ. ಮಂದಿ ಕಡಿಮೆ; ಆ ತೂಗುಸೇತುವೆಗೆ ಬರುವವರೇ ಸ್ವಲ್ಪ ಧೈರ್ಯದ ಜಾತಿಯವರು, ಫೋನ್ ಮಾಡುವ ಧೈರ್ಯವೂ ಅವರಿಗೆ ಮೊದಲೇ ಇದ್ದೀತು. ಅದಕ್ಕಿಂತ ಮುಖ್ಯವಾಗಿ, ಅದು ಅಪರಿಚಿತರ ನಡುವಿನ ಸೆಳೆತದ ಮಾತು. ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದವರಿಗೆ, ಕಾಲೇಜಿನಿಂದ ಜೊತೆಗಿರುವ ಗೆಳೆಯರಿಗೆ ಎದೆಬಡಿತವನ್ನು ತಪ್ಪು ಓದುವ ಅಗತ್ಯವೇನೂ ಇಲ್ಲ. ಬಂಗೀ ಜಂಪ್ ಮಾಡಿಸಿದರೆ ಪ್ರೀತಿ ಗಟ್ಟಿಯಾಗುತ್ತದೆ ಎಂಬ ಜಾಹೀರಾತಿಗೆ ಈ ಪ್ರಯೋಗ ನೆರವಾಗಬಹುದು. ನಮಗೆ ಬೇಕಾದ ಸಾಕ್ಷಿ ಇದಕ್ಕಿಂತ ಸಪ್ಪೆ, ಇದಕ್ಕಿಂತ ನಂಬಿಕಸ್ತ. ಅದು ನಡಿಗೆಯಲ್ಲಿ ಸಿಗುತ್ತದೆ.

ಪ್ರತಿಯೊಬ್ಬರ ಮೈಗೂ ಅದರದೇ ನಡಿಗೆಯ ವೇಗ ಇರುತ್ತದೆ. ಕಾಲಿನ ಉದ್ದ, ತೂಕ, ವಯಸ್ಸು ಎಲ್ಲ ಸೇರಿ ಯಾವ ವೇಗದಲ್ಲಿ ಹೋದರೆ ಶಕ್ತಿ ಕಡಿಮೆ ಖರ್ಚಾಗುತ್ತದೋ ಆ ವೇಗವನ್ನು ಮೈ ತಾನೇ ಆರಿಸಿಕೊಳ್ಳುತ್ತದೆ. ಇಬ್ಬರು ಜೊತೆಗೆ ನಡೆದರೆ ಯಾರಾದರೂ ಒಬ್ಬರು ಈ ಲಾಭ ಬಿಟ್ಟುಕೊಡಲೇಬೇಕು. ಅಮೆರಿಕದ ಸಿಯಾಟಲ್‌ನಲ್ಲಿ ಇಬ್ಬರು ಸಂಶೋಧಕರು ಇದನ್ನೇ ಅಳೆದು 2013ರಲ್ಲಿ ಪ್ರಕಟಿಸಿದರು. ಗಂಡಸರು ತಮ್ಮ ಪ್ರೇಯಸಿಯ ಜೊತೆ ನಡೆಯುವಾಗ ಆಕೆಯ ವೇಗಕ್ಕೆ ತಮ್ಮ ವೇಗವನ್ನು ಇಳಿಸುತ್ತಿದ್ದರು. ಬರೀ ಗೆಳೆಯ ಗೆಳತಿಯರ ಜೊತೆ ನಡೆಯುವಾಗ ಅಷ್ಟು ಬಿಟ್ಟುಕೊಡುತ್ತಿರಲಿಲ್ಲ. ಇದೂ ಸಣ್ಣ ಅಧ್ಯಯನವೇ. ಆದರೆ ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ, ಯಾವುದಾದರೂ ಬೆಟ್ಟದ ಮೆಟ್ಟಿಲು ಸಾಕು. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಮೆಟ್ಟಿಲು ಸಾವಿರಕ್ಕೂ ಹೆಚ್ಚಿವೆ. ಮೊದಲ ನೂರಿನ್ನೂರು ಮೆಟ್ಟಿಲಲ್ಲಿ ಎಲ್ಲರಿಗೂ ಮಾತು ಜಾಸ್ತಿ. ಮುಂದೆ ಉಸಿರು ಹಿಡಿದಂತೆ ವಾಕ್ಯಗಳು ಚಿಕ್ಕದಾಗುತ್ತವೆ, ಆಮೇಲೆ ‘ಹ್ಞೂಂ’ ಮಾತ್ರ ಉಳಿಯುತ್ತದೆ. ಮುಂದಿರುವವರು ನಾಲ್ಕು ಮೆಟ್ಟಿಲು ಮೇಲೆ ನಿಂತು ಹಿಂತಿರುಗುತ್ತಾರೆ. ಕೆಳಗಿನವರು ಕೈ ಸೊಂಟಕ್ಕಿಟ್ಟು ‘ನೀವು ಹೋಗ್ತಿರಿ’ ಎನ್ನುತ್ತಾರೆ. ಹೋಗುವುದೋ, ಕಾಯುವುದೋ, ಇಳಿದು ಬಂದು ನೀರಿನ ಬಾಟಲಿ ಕೊಡುವುದೋ ಎಂಬುದು ಆ ಗಳಿಗೆಯಲ್ಲೇ ತೀರ್ಮಾನವಾಗಬೇಕು. ಏಳುನೂರನೇ ಮೆಟ್ಟಿಲ ಹತ್ತಿರದ ದೊಡ್ಡ ನಂದಿ ಮುಟ್ಟುವುದರೊಳಗೆ ಇಂಥ ಹತ್ತಾರು ತೀರ್ಮಾನಗಳು ಆಗಿಹೋಗಿರುತ್ತವೆ. ಹೋಟೆಲಿನ ಟೇಬಲಿನಲ್ಲಿ ಇಂಥ ಒಂದೂ ಗಳಿಗೆ ಬರುವುದಿಲ್ಲ. ಅಲ್ಲಿ ಕಾಯುವ ಕೆಲಸ ವೇಟರನದು.

ನೋಟಕ್ಕಿಂತ ದುಡಿಮೆ ಮುಖ್ಯ ಎಂದೆ. ಅದಕ್ಕೆ ತಿರುವುಮುರುವಾದ ಉದಾಹರಣೆ ನಂದಿಬೆಟ್ಟದ ಭಾನುವಾರದ ಮುಂಜಾವು. 1478 ಮೀಟರ್ ಎತ್ತರದ ಆ ಬೆಟ್ಟದ ಮೇಲಿನ ಸೂರ್ಯೋದಯಕ್ಕೆ ಸಾಟಿ ಕಡಿಮೆ. ಬೆಂಗಳೂರಿನಿಂದ ಕತ್ತಲಲ್ಲೇ ಹೊರಟ ನೂರಾರು ಕಾರು, ಬೈಕು ತಿರುವಿನಲ್ಲಿ ಸಾಲುಗಟ್ಟಿ ನಿಂತು, ಮೇಲೆ ತಲುಪಿದವರು ಮಂಜಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದು, ಮ್ಯಾಗಿ ತಿಂದು ಇಳಿಯುತ್ತಾರೆ. ಬಯಲಿಗೆ ಬಂದದ್ದೇನೋ ಹೌದು; ಮೈ ಮಾತ್ರ ಸೀಟಿನಿಂದ ಎದ್ದಿಲ್ಲ. ಅದೇ ಬೆಟ್ಟಕ್ಕೆ ಸುಲ್ತಾನ್‌ಪೇಟೆ ಕಡೆಯಿಂದ ಹಳೆಯ ಮೆಟ್ಟಿಲ ದಾರಿಯೊಂದಿದೆ. ಆ ದಾರಿಯಲ್ಲಿ ಹತ್ತಿದವರು ಕಾಣುವ ಸೂರ್ಯ ಅದೇ ಸೂರ್ಯ, ಆದರೆ ಅವರ ಹತ್ತಿರ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆ ಇರುತ್ತದೆ.

ಗೆಳೆತನದ ವಿಷಯದಲ್ಲಿ ಸಾಕ್ಷಿ ಇನ್ನೂ ಸ್ವಾರಸ್ಯಕರ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಭಾರದ ಚೀಲ ಹೊತ್ತವರನ್ನು ದಿಬ್ಬದ ಬುಡದಲ್ಲಿ ನಿಲ್ಲಿಸಿ ‘ಏರು ಎಷ್ಟಿದೆ?’ ಎಂದು ಕೇಳಿದರು. ಪಕ್ಕದಲ್ಲಿ ಗೆಳೆಯರಿದ್ದವರಿಗೆ ಏರು ಕಡಿಮೆ ಕಂಡಿತು, ಒಬ್ಬರೇ ಬಂದವರಿಗೆ ಕಡಿದಾಗಿ ಕಂಡಿತು. ಗೆಳೆತನ ಹಳೆಯದಾದಷ್ಟೂ ದಿಬ್ಬ ತಗ್ಗಿತು. 2008ರ ಈ ವರದಿ ಓದಲು ಬಲು ಚೆಂದ, ಹಾಗಾಗಿಯೇ ಅನುಮಾನಿಸಬೇಕು. ಚೀಲ ಹೊರಿಸಿದ ಉದ್ದೇಶವನ್ನು ಊಹಿಸಿ ಜನ ಅದಕ್ಕೆ ತಕ್ಕ ಉತ್ತರ ಕೊಡುತ್ತಾರೆ ಎಂದು ಬೇರೆ ವಿದ್ವಾಂಸರು ಇಂಥ ಪ್ರಯೋಗಗಳನ್ನು ಪ್ರಶ್ನಿಸಿದ್ದಾರೆ. ಊಹೆಗೆ ಅಷ್ಟು ಸುಲಭವಾಗಿ ಸಿಗದ ಇನ್ನೊಂದು ಅಳತೆ ಆಕ್ಸ್‌ಫರ್ಡ್‌ನದು. ಅಲ್ಲಿನ 12 ಮಂದಿ ದೋಣಿ ಹುಟ್ಟುಹಾಕುವ ಆಟಗಾರರು 45 ನಿಮಿಷದ ಕಸರತ್ತನ್ನು ಒಮ್ಮೆ ಒಬ್ಬೊಬ್ಬರಾಗಿ, ಇನ್ನೊಮ್ಮೆ ತಂಡವಾಗಿ ಲಯ ಹಿಡಿದು ಮಾಡಿದರು. ದಣಿವು ಅಷ್ಟೇ. ಆದರೆ ಮುಗಿದ ಮೇಲೆ ನೋವು ತಡೆದುಕೊಳ್ಳುವ ಶಕ್ತಿಯನ್ನು ಅಳೆದಾಗ, ಒಟ್ಟಿಗೆ ಮಾಡಿದ ದಿನ ಅದು ಬಹಳ ಹೆಚ್ಚಿತ್ತು. ಮೈಯಲ್ಲಿ ತಾನಾಗಿ ಉಂಟಾಗುವ ಎಂಡಾರ್ಫಿನ್ ಎಂಬ ನೋವು ನಿವಾರಕ ವಸ್ತು ಲಯದ ಸಹವಾಸದಲ್ಲಿ ಹೆಚ್ಚು ಹೊಮ್ಮುತ್ತದೆ ಎಂದು ಸಂಶೋಧಕರು ಅರ್ಥೈಸಿದರು. ನಾಟಿಗೆ ಬಗ್ಗಿದ ಹೆಂಗಸರು ಹಾಡು ಹೇಳಿಕೊಂಡು ಸಾಲು ಮುಗಿಸುವುದನ್ನು, ತೇರಿನ ಹಗ್ಗ ಎಳೆಯುವವರು ಒಂದೇ ದನಿ ತೆಗೆಯುವುದನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ಇದರ ಜೊತೆಗೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಕೊಟ್ಟ ಲೆಕ್ಕ ಸೇರಿಸಿ ನೋಡಿ: ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ, ಗೆಳೆಯರಾಗಲು 90, ಆಪ್ತರಾಗಲು 200ಕ್ಕೂ ಹೆಚ್ಚು ಗಂಟೆ ಒಡನಾಟ ಬೇಕು, ಕಚೇರಿಯಲ್ಲಿ ಒಟ್ಟಿಗೆ ಕಳೆದ ಗಂಟೆಗಳಿಗೆ ಇದರಲ್ಲಿ ಬೆಲೆ ಕಡಿಮೆ. ಮೂವತ್ತು ದಾಟಿದವರಿಗೆ 200 ಗಂಟೆ ಎಲ್ಲಿಂದ ಬರಬೇಕು? ವಾರಕ್ಕೊಂದು ಬೆಳಗು ಎರಡು ಗಂಟೆ ಕೆರೆ ಸುತ್ತಿದರೆ ಎರಡು ವರ್ಷದಲ್ಲಿ ಬರುತ್ತದೆ.

ಜೊತೆಗೆ ದಣಿದರೆ ಪ್ರೀತಿ ಬೆಳೆಯುವುದಿರಲಿ, ಜಗಳವೇ ಆಗುತ್ತದಲ್ಲ ಎಂದು ಅನುಭವಸ್ಥರು ಎದುರು ಹೇಳುತ್ತಾರೆ. ಸುಳ್ಳಲ್ಲ. ಇಬ್ಬರು ಕೂತು ಹುಟ್ಟುಹಾಕುವ ಕಯಾಕಿಗೆ ಆ ಆಟದವರ ನಡುವೆ ‘ಡಿವೋರ್ಸ್ ಬೋಟ್’ ಎಂಬ ಅಡ್ಡಹೆಸರೇ ಇದೆ. ಹಿಂದಿನವರು ತಿರುಗಿಸಿದ ಕಡೆ ಮುಂದಿನವರು ಹುಟ್ಟು ಹಾಕದಿದ್ದರೆ ದೋಣಿ ಅಡ್ಡಡ್ಡ ಹೋಗುತ್ತದೆ, ತಪ್ಪು ಯಾರದು ಎಂಬ ವಾದ ದಡ ಮುಟ್ಟುವವರೆಗೂ ಮುಗಿಯುವುದಿಲ್ಲ. ಹಂಪಿಯ ಹರಿಗೋಲು ಇನ್ನೂ ಮೋಜಿನದು, ದುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಇಲ್ಲ. ರೂಢಿಯಿಲ್ಲದವರ ಕೈಗೆ ಹುಟ್ಟು ಕೊಟ್ಟರೆ ನಿಂತಲ್ಲೇ ಬುಗುರಿ. ಈ ಆಕ್ಷೇಪಕ್ಕೆ ಎರಡು ಉತ್ತರ. ಒಬ್ಬರಿಗೆ ಚಟ, ಇನ್ನೊಬ್ಬರಿಗೆ ಶಿಕ್ಷೆ ಎನಿಸುವ ಕೆಲಸ ಆಚರಣೆಯಾಗಲಾರದು. ಹತ್ತು ಬೆಟ್ಟ ಹತ್ತಿದ ಗಂಡ ಮೊದಲ ಸಲ ಬರುವ ಹೆಂಡತಿಯನ್ನು ಸೀದಾ ಕುಮಾರ ಪರ್ವತಕ್ಕೆ ಕರೆದೊಯ್ದರೆ ಅದು ಅವನ ಪ್ರದರ್ಶನ, ಅವಳ ಪರೀಕ್ಷೆ. ಆರನ್ ಅವರ ಅಂಬೆಗಾಲಿನ ಪ್ರಯೋಗದಲ್ಲಿ ಇಬ್ಬರಿಗೂ ಆಟ ಹೊಸದಾಗಿತ್ತು, ಇಬ್ಬರೂ ಅದರಲ್ಲಿ ಸಮಾನ ದಡ್ಡರಾಗಿದ್ದರು ಎಂಬುದನ್ನು ಮರೆಯಬಾರದು. ಎರಡನೆಯದು, ದೋಣಿಯಲ್ಲಿ ಆಗುವ ಜಗಳ ಅಲ್ಲಿ ಹುಟ್ಟಿದ್ದಲ್ಲ. ಮನೆಯಲ್ಲಿ ಟಿವಿಯ ಸದ್ದಿನಲ್ಲಿ ಮುಚ್ಚಿಹೋಗಿದ್ದದ್ದು ನೀರಿನ ಮೇಲೆ ಕೇಳಿಸುತ್ತದೆ. ದಡ ಮುಟ್ಟಲೇಬೇಕಾದ್ದರಿಂದ ಅರ್ಧಕ್ಕೆ ಎದ್ದುಹೋಗುವ ಹಾಗೂ ಇಲ್ಲ.

ಇನ್ನೊಂದು ಬಗೆಯ ಆಕ್ಷೇಪ: ಪ್ರೀತಿಗೆ ದಿನ ಗೊತ್ತುಮಾಡಿ ಹೊರಗೆ ತಿರುಗುವುದು ನಮ್ಮದಲ್ಲ, ಹೊರಗಿನಿಂದ ಬಂದದ್ದು. ದಿನ ಹೊರಗಿನದು, ಒಪ್ಪೋಣ. ಆ ಹೊರಗಿನವರಲ್ಲೂ ಎಲ್ಲರೂ ಅದನ್ನು ಒಂದೇ ರೀತಿ ಇಟ್ಟುಕೊಂಡಿಲ್ಲ. ಫಿನ್ಲೆಂಡಿನಲ್ಲಿ ಫೆಬ್ರುವರಿ 14 ಗೆಳೆಯರ ದಿನ, ಎಸ್ಟೋನಿಯಾದಲ್ಲೂ ಹಾಗೆಯೇ. (ನಮ್ಮಲ್ಲಿ 2023ರಲ್ಲಿ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ ಅಂದು ಹಸುವನ್ನು ಅಪ್ಪಿಕೊಳ್ಳಿ ಎಂದು ಕರೆಕೊಟ್ಟು, ನಗೆಪಾಟಲಾದ ಮೇಲೆ ನಾಲ್ಕೇ ದಿನದಲ್ಲಿ ಹಿಂತೆಗೆದುಕೊಂಡಿತು. ಹೊರಾಂಗಣ ಚಟುವಟಿಕೆ ಎಂಬುದಂತೂ ನಿಜ, ಹಸುವಿನ ಒಪ್ಪಿಗೆ ಯಾರೂ ಕೇಳಿರಲಿಲ್ಲ.) ಆದರೆ ಹೊರಗೆ ಹೋಗಿ ಅಕ್ಕರೆಯನ್ನು ಹಬ್ಬ ಮಾಡುವುದು ನಮ್ಮದಲ್ಲ ಎನ್ನುವವರು ನಮ್ಮ ಹಳೆಯ ಪುಸ್ತಕ ತೆರೆದಿಲ್ಲ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಗರದ ರಸಿಕನ ದಿನಚರಿ ಹೇಳುವ ಅಧ್ಯಾಯವೊಂದಿದೆ. ಅಲ್ಲಿ ರಸಿಕರು ಗಣಿಕೆಯರ ಜೊತೆಗೂಡಿ ಬೆಳಿಗ್ಗೆ ಕುದುರೆಯೇರಿ ಉದ್ಯಾನಕ್ಕೆ ಹೋಗಿ, ದಿನವಿಡೀ ಆಡಿ, ಇಳಿಹೊತ್ತಿಗೆ ಅಲ್ಲಿನ ಹೂವನ್ನು ಗುರುತಿಗೆಂದು ಮುಡಿದು ಮರಳುವ ಉದ್ಯಾನಗಮನದ ಮಾತು ಬರುತ್ತದೆ, ಬೇಸಿಗೆಯ ಜಲಕ್ರೀಡೆಯ ಮಾತೂ ಬರುತ್ತದೆ. ಮಹಾಕಾವ್ಯಕ್ಕೆ ಬೇಕೇಬೇಕೆಂದು ಲಾಕ್ಷಣಿಕರು ಪಟ್ಟಿ ಮಾಡಿದ, ನಮ್ಮ ಹಳಗನ್ನಡದ ಕವಿಗಳು ತಪ್ಪದೆ ಪಾಲಿಸಿದ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರವೂ ಜಲಕೇಳಿಯೂ ಸೇರಿವೆ. ಪುಸ್ತಕದ ಮಾತು ಬೇಡವೆಂದರೆ ಎಳ್ಳಮವಾಸ್ಯೆ ನೋಡಿ. ಕಲಬುರಗಿ, ಬೀದರ್, ವಿಜಯಪುರದ ಕಡೆ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುಟ್ಟಿ ಹೊತ್ತು ಹೋಗಿ, ಬೆಳೆಗೆ ಚರಗ ಚೆಲ್ಲಿ, ಹೊಲವಿಲ್ಲದ ಗೆಳೆಯರನ್ನೂ ಕರೆದು ಕೂರಿಸಿ ಉಣಿಸುತ್ತಾರೆ. ಮಕ್ಕಳಿಗೆ ಗಾಳಿಪಟ, ದೊಡ್ಡವರಿಗೆ ಬದುವಿನ ಮೇಲೆ ಅಡ್ಡಾಟ. ಕಾರ್ತಿಕದಲ್ಲಿ ನೆಲ್ಲಿಮರದಡಿಯ ವನಭೋಜನ ಹಳೇ ಮೈಸೂರಿನ ಕಡೆಗೂ ಗೊತ್ತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಂಗಸರದು. ಹೊರಗೆ ಹೋಗಿ ಎನ್ನುವುದು ಸುಲಭ, ಹೊರಗು ಎಲ್ಲರಿಗೂ ಸಮನಾಗಿ ಇಲ್ಲ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇ 42, ಹೆಂಗಸರಲ್ಲಿ ಶೇ 57. ಮನೆಗೆಲಸವನ್ನೆಲ್ಲ ಹೊತ್ತವರೇ ‘ಚಟುವಟಿಕೆ ಇಲ್ಲದವರು’ ಎಂಬ ಪಟ್ಟಿಯಲ್ಲಿ ಮುಂದಿರುವುದರಲ್ಲಿ ಒಂದು ವ್ಯಂಗ್ಯವಿದೆ: ದಣಿಯುವುದಕ್ಕೆ ಬಿಡುವಿಲ್ಲದಷ್ಟು ದಣಿವು. ಸಂಜೆ ಏಳರ ಮೇಲೆ ಕೆರೆಯ ಏರಿಯ ಮೇಲೆ ದೀಪವಿಲ್ಲ, ಬೆಟ್ಟದ ದಾರಿಯಲ್ಲಿ ಶೌಚಾಲಯವಿಲ್ಲ, ಜೊತೆಯಲ್ಲಿರುವವನು ಯಾರು ಎಂದು ಕೇಳುವವರಿಗೆ ಬರವಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದದ್ದನ್ನು ದೇಶವೇ ಟಿವಿಯಲ್ಲಿ ಕಂಡಿತು. ಪಾರ್ಕಿನ ಬೆಂಚಿನ ಮೇಲೆ ಕೂತ ಜೋಡಿಗಳನ್ನು ಎಬ್ಬಿಸುವ ಸಣ್ಣಪುಟ್ಟ ದಬ್ಬಾಳಿಕೆ ಯಾವ ಸುದ್ದಿಗೂ ಬಾರದೆ ನಡೆದೇ ಇರುತ್ತದೆ. ಹಾಗಿದ್ದಮೇಲೆ ನಾಲ್ಕು ಗೋಡೆಯ ಕೆಫೆಯೇ ವಾಸಿ ಎಂದು ಒಬ್ಬ ಹುಡುಗಿ ಲೆಕ್ಕ ಹಾಕಿದರೆ ಅವಳದು ತಪ್ಪು ಲೆಕ್ಕವಲ್ಲ. ನನ್ನ ಉತ್ತರ ಇದಕ್ಕೆ ಅರ್ಧ ಮಾತ್ರ. ಕೂತ ಜೋಡಿ ಕಣ್ಣಿಗೆ ಬೀಳುವಷ್ಟು ನಡೆಯುವ ಜೋಡಿ ಬೀಳುವುದಿಲ್ಲ. ಐದಾರು ಗೆಳೆಯರ ಗುಂಪು ಇನ್ನೂ ಕಡಿಮೆ. ಪ್ರೇಮಿಗಳನ್ನೂ ಗೆಳೆಯರನ್ನೂ ಒಂದೇ ಹಬ್ಬದಲ್ಲಿ ಸೇರಿಸಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಉಳಿದರ್ಧ ಉತ್ತರ ಸರ್ಕಾರದ ಕೈಯಲ್ಲಿದೆ. ಮಧ್ಯಾಹ್ನ ಬೀಗ ಬೀಳುತ್ತಿದ್ದ ಬೆಂಗಳೂರಿನ ಪಾಲಿಕೆ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿ ಆದೇಶವಾಯಿತು. ಗಂಡಸರಿಗೆ ಇದು ಅನುಕೂಲ; ಕೆಲಸ ಮುಗಿಸಿ ಎಂಟು ಗಂಟೆಗೆ ಗೆಳತಿಯ ಜೊತೆ ಎರಡು ಸುತ್ತು ಹಾಕಬೇಕೆನ್ನುವವಳಿಗೆ ಇದು, ದೀಪ ಉರಿಯುತ್ತಿದ್ದರೆ, ಸ್ವಾತಂತ್ರ್ಯ.

ಎಲ್ಲರೂ ಬೆಟ್ಟಕ್ಕೆ ಹೊರಟರೆ ಬೆಟ್ಟದ ಗತಿ ಏನು? 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಕ್ಯೂ ನಿಂತ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಅದರ ಬೆನ್ನಿಗೇ ಅರಣ್ಯ ಇಲಾಖೆ ಅಲ್ಲಿ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಮಿತಿ ಸರಿಯಾದದ್ದೇ. ಫೆಬ್ರುವರಿ 14ರ ದಿನಾಂಕಕ್ಕೂ ಪಶ್ಚಿಮ ಘಟ್ಟಕ್ಕೂ ಹೊಂದಿಕೆಯೂ ಇಲ್ಲ; ಆ ಹೊತ್ತಿಗೆ ಶೋಲಾ ಕಾಡಿನ ಪಕ್ಕದ ಹುಲ್ಲು ಒಣಗಿ ಕಾಳ್ಗಿಚ್ಚಿನ ಕಾಲ ಶುರುವಾಗಿರುತ್ತದೆ, ಅನೇಕ ಚಾರಣದ ದಾರಿಗಳನ್ನು ಮುಚ್ಚಿರುತ್ತಾರೆ. ಚಳಿ ಮುಗಿಯದ ದೇಶದ ಕ್ಯಾಲೆಂಡರನ್ನು ಬಿಸಿಲು ಏರುವ ನಾಡಿಗೆ ತಂದರೆ ಹೀಗೇ ಆಗುವುದು. ಆದರೆ ಈ ಲೇಖನದ ವಾದಕ್ಕೆ ಮುಳ್ಳಯ್ಯನಗಿರಿಯೇ ಬೇಕೆಂದಿಲ್ಲ. ಬೇಕಾದ್ದು ಸ್ವಲ್ಪ ಹೊಸತು, ಸ್ವಲ್ಪ ಕಷ್ಟ, ಇಬ್ಬರ ಸರದಿ. ಭಾನುವಾರ ವಾಹನ ಬಿಡದ ಕಬ್ಬನ್ ಪಾರ್ಕಿನ ರಸ್ತೆಯಲ್ಲಿ ಸೈಕಲ್ ಬಾರದ ಗೆಳತಿಗೆ ಸೈಕಲ್ ಕಲಿಸುವುದು, ಮನೆ ಮುಂದಿನ ಖಾಲಿ ಸೈಟಿನಲ್ಲಿ ನೆಟ್ ಕಟ್ಟಿ ಶಟಲ್ ಆಡುವುದು, ಇಬ್ಬರೂ ಸೇರಿ ಗುಂಡಿ ತೋಡಿ ಗಿಡ ನೆಡುವುದು, ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಊರಾಚೆಯ ಗುಡ್ಡಕ್ಕೆ ನಡೆದು ಬೆಳದಿಂಗಳ ಊಟ ಮಾಡುವುದು, ಇವಕ್ಕೆ ಯಾವ ಬುಕಿಂಗೂ ಬೇಡ. ಖರ್ಚಿನ ಮಾತು ಎತ್ತುವವರಿಗೂ ಇದೇ ಉತ್ತರ.

ಕೊನೆಗೆ ಉಳಿಯುವುದು ಮಂಡಿಯ ಮಾತು. ಇದೆಲ್ಲ ಹರೆಯದವರಿಗೆ, ಅರವತ್ತು ದಾಟಿ ಕೀಲು ಹಿಡಿದವರಿಗೆ, ಉಬ್ಬಸದವರಿಗೆ, ಊರುಗೋಲಿನವರಿಗೆ ಇಂಥ ಹಬ್ಬ ಎಲ್ಲಿಂದ ಬರಬೇಕು ಎನ್ನುತ್ತಾರೆ. ಕಷ್ಟ ಎಂಬುದಕ್ಕೆ ಮೀಟರಿನ ಅಳತೆ ಇಲ್ಲ. ಇಪ್ಪತ್ತೈದರ ಜೋಡಿಗೆ ಚಾಮುಂಡಿ ಬೆಟ್ಟ ಎಷ್ಟೋ, ಮಂಡಿ ನೋವಿನ ಎಪ್ಪತ್ತರ ಜೋಡಿಗೆ ಮೈಸೂರಿನದೇ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಒಂದು ಕಿಲೋಮೀಟರ್ ಅಷ್ಟೇ. ಬೆಳಗಿನ ಆರೂವರೆಗೆ ಆ ಏರಿಯ ಮೇಲೆ ನಿಂತು ನೋಡಿದರೆ ವೇಗ ಹೊಂದಿಸಿಕೊಳ್ಳುವ ವಿದ್ಯೆಯಲ್ಲಿ ಪಳಗಿದವರು ಯಾರು ಎಂದು ತಿಳಿಯುತ್ತದೆ. ತರುಣರು ಕಿವಿಗೆ ಇಯರ್‌ಫೋನ್ ಸಿಗಿಸಿ ಒಬ್ಬೊಬ್ಬರೇ ಓಡಿಹೋಗುತ್ತಾರೆ. ಹಿಂದೆ ಬರುವ ಅಜ್ಜ, ಮಂಕಿ ಟೋಪಿ, ಬಿಳಿ ಕ್ಯಾನ್ವಾಸ್ ಬೂಟು, ಹತ್ತು ಹೆಜ್ಜೆಗೊಮ್ಮೆ ನೀರುಕಾಗೆಯನ್ನೋ ಹೆಜ್ಜಾರ್ಲೆಯನ್ನೋ ನೋಡುವ ನೆಪದಲ್ಲಿ ನಿಲ್ಲುತ್ತಾರೆ. ಅಜ್ಜಿ ಬಂದು ಸೇರಿಕೊಂಡು, ಸೆರಗಿನಿಂದ ಮುಖ ಒರೆಸಿ, ‘ಏನ್ ನೋಡ್ತಿದ್ರಿ?’ ಎಂದು ಕೇಳುತ್ತಾರೆ. ಹಕ್ಕಿ ಯಾವಾಗಲೋ ಹಾರಿಹೋಗಿರುತ್ತದೆ.